ಸಂದೇಹ ರೂಪದಲ್ಲಿ ತಿಳಿಸತಕ್ಕದ್ದು

"ಇತರರ ಅಭಿಪ್ರಾಯ ಒಪ್ಪಿಗೆಯಾಗದಿದ್ದಲ್ಲಿ, ಮೊದಲು ಅದರಲ್ಲಿನ ಒಳ್ಳೆಯ ಅಂಶವನ್ನು ಮೆಚ್ಚಿ, ನಂತರ ತಮ್ಮ ಭಿನ್ನಾಭಿಪ್ರಾಯವನ್ನು ಸಂದೇಹ ರೂಪದಲ್ಲಿ ತಿಳಿಸತಕ್ಕದ್ದು."

ನಮ್ಮ ಒಂಬತ್ತು ನಿಯಮಗಳಲ್ಲಿ ಇದು ಮೂರನೆಯದು. ಒಂಬತ್ತನ್ನೂ ಬರೆದವನು ನಾನೇ. ಬರೆದ ದಿನ ಇದೊಂದನ್ನು ನಾಲ್ಕು ಸಲ ಓದಿಕೊಂಡು ಬೀಗಿದ್ದೆ. ಈಗ ಅದು ಕಣ್ಣಿಗೆ ಬಿದ್ದರೆ ಪುಟ ಮಗುಚುತ್ತೇನೆ.

ಹಳ್ಳಿಗಳಿಗೆ ಇಂಟರ್ನೆಟ್ ಎಂಬ ಶಬ್ದ ಇನ್ನೂ ಹೊಸದಾಗಿದ್ದ ಕಾಲ ಅದು. ಒಂದು ಸೇವಾ ಸಂಸ್ಥೆಯವರು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ಕಡೆ ರೈತರಿಗಾಗಿ ಮಾಹಿತಿ ಕೇಂದ್ರ ತೆರೆದಿದ್ದರು. ಒಂದೊಂದು ಕಡೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಫೋನ್ ಲೈನು, ಒಬ್ಬ ಆಪರೇಟರ್. ರೈತರು ಬಂದು ಪ್ರಶ್ನೆ ಹೇಳುತ್ತಿದ್ದರು, ಆಪರೇಟರ್ ಕನ್ನಡದಲ್ಲಿ ಟೈಪ್ ಮಾಡಿ ಪ್ರಶ್ನೋತ್ತರ ಫಲಕಕ್ಕೆ ಕಳಿಸುತ್ತಿದ್ದರು. ಗೊತ್ತಿದ್ದವರು ಯಾರು ಬೇಕಾದರೂ ಉತ್ತರ ಬರೆಯಬಹುದಿತ್ತು. ಆದರೆ ಬಂದ ಮಾತು ನೇರವಾಗಿ ಫಲಕಕ್ಕೆ ಹೋಗುತ್ತಿರಲಿಲ್ಲ. ಮೊದಲು ಗೋಕಾಕದಲ್ಲಿ ನನ್ನ ಪರದೆಯ ಮೇಲೆ ಬಂದು ನಿಲ್ಲುತ್ತಿತ್ತು. ಅದರ ಕೆಳಗೆ ಎರಡು ಗುಂಡಿಗಳು: ಪ್ರಕಟಿಸು, ಹಿಂತಿರುಗಿಸು. ಆ ಎರಡು ಗುಂಡಿ ಒತ್ತುವುದೇ ನನ್ನ ಉದ್ಯೋಗ. ಫಲಕದಲ್ಲಿ ಬಂದ ಒಳ್ಳೆಯ ಉತ್ತರಗಳನ್ನು ವಾರಕ್ಕೊಮ್ಮೆ ಪ್ರಿಂಟ್ ತೆಗೆದು ಮೂರೂ ಕೇಂದ್ರಗಳ ಹೊರಗೋಡೆಗೆ ಹಚ್ಚುತ್ತಿದ್ದೆವು. ಓದು ಬಾರದವರಿಗೆ ಆಪರೇಟರ್ ಓದಿ ಹೇಳಬೇಕು.

ನಿಯಮ ಯಾಕೆ ಬೇಕಾಯಿತು ಎಂದರೆ, ಮೊದಮೊದಲು ಯಾವ ನಿಯಮವೂ ಇರಲಿಲ್ಲ. ಕಾಲುವೆ ನೀರಿನ ಪಾಳಿಯ ಬಗ್ಗೆ ಎರಡು ಊರಿನವರು ಫಲಕದ ಮೇಲೆ ಜಗಳಕ್ಕೆ ಬಿದ್ದು, ನೀರಿನ ಮಾತು ಬಿಟ್ಟು ಒಬ್ಬರ ತಾಯಿಯನ್ನು ಇನ್ನೊಬ್ಬರು ಬೈಯತೊಡಗಿದರು. ಎದುರಿಗೆ ನಿಂತಾಗ "ಬರ್ರಿ ಕಾಕಾ, ಕುಂಡ್ರಿ" ಅನ್ನುವ ಮಂದಿ, ಪರದೆಯ ಹಿಂದೆ ಕೂತ ಕೂಡಲೇ ಬಾಯಿಗೆ ಬಂದದ್ದನ್ನು ಬರೆಸುತ್ತಿದ್ದರು. ಬೆಳಗಾವಿಯಿಂದ ಸಂಯೋಜಕರು ಫೋನ್ ಮಾಡಿ, ಹೀಗೇ ಆದರೆ ಕೇಂದ್ರ ಮುಚ್ಚುತ್ತೇವೆ ಅಂದರು. ನಾನು ಒಂದು ವಾರ ಕೂತು ಒಂಬತ್ತು ನಿಯಮ ಬರೆದೆ. ಜಗಳ ನಿಂತಿತು. ಹೊಗಳಿಕೆ ಬಂತು. ಸಂಸ್ಥೆಯ ಸಭೆಯಲ್ಲಿ ನನ್ನ ನಿಯಮಗಳನ್ನು ಗಟ್ಟಿಯಾಗಿ ಓದಿಸಿದರು. ನನಗೆ ಅಹಂಕಾರ ನೆತ್ತಿಗೇರಿದ್ದು ಆಗಲೇ.

ಆ ಬೇಸಿಗೆಯಲ್ಲಿ ಮೂಡಲಗಿ ಕೇಂದ್ರದಿಂದ ಒಂದು ಪ್ರಶ್ನೆ ಬಂತು. ಕೇಳಿದವಳು ತುಕ್ಕಾನಟ್ಟಿಯ ಒಬ್ಬ ಹೆಣ್ಣುಮಗಳು. ಮನೆಯಲ್ಲಿ ಒಂದು ಎಮ್ಮೆ ಇದೆ, ಹಸಿ ಮೇವು ಮುಗಿದಿದೆ, ಹಾಲು ಇಳಿದಿದೆ, ಕಬ್ಬು ಕಡಿದ ಮೇಲೆ ಉಳಿದ ಒಣ ಗರಿ, ಅಂದರೆ ರವದಿ ಮಾತ್ರ ರಾಶಿ ಬಿದ್ದಿದೆ, ಅದನ್ನು ಎಮ್ಮೆ ತಿನ್ನುವ ಹಾಗೆ ಮಾಡುವುದು ಹೇಗೆ? ನೆಟ್ಟಗಿನ ಪ್ರಶ್ನೆ. ತಕ್ಷಣ ಪ್ರಕಟಿಸಿದೆ.

ಉತ್ತರ ಬರೆದವರು ಗೋಕಾಕದ ಒಬ್ಬ ನಿವೃತ್ತ ಅಧಿಕಾರಿ. ನಮ್ಮ ಫಲಕದ ಭೂಷಣ ಅವರು. ಊರ ಹೊರಗೆ ತೋಟ ಮಾಡಿದ್ದರು, ನಮ್ಮ ಸಂಸ್ಥೆಗೆ ಕುರ್ಚಿ ಟೇಬಲ್ಲು ಕೊಡಿಸಿದ್ದರು. ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ಅವರ ಒಂದು ಪತ್ರದಲ್ಲೂ ಒಂದು ಒರಟು ಅಕ್ಷರ ಸಿಗುತ್ತಿರಲಿಲ್ಲ. "ಪ್ರಿಯ ಸಹೋದರಿಯವರಿಗೆ ಸಾದರ ನಮಸ್ಕಾರಗಳು" ಎಂದು ಶುರುಮಾಡಿ ಅವರು ಬರೆದದ್ದು ಇಷ್ಟು: ನೂರು ಕಿಲೋ ರವದಿಗೆ ನಾಲ್ಕು ಕಿಲೋ ಯೂರಿಯಾ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಪದರು ಪದರಾಗಿ ತುಳಿಯಿರಿ, ಜೊತೆಗೆ ಸ್ವಲ್ಪ ಬೆಲ್ಲದ ನೀರು ಸೇರಿಸಿ. ಮೂರು ವಾರ ಮುಚ್ಚಿಡಬೇಕೆಂಬುದು ಹಳೆಯ ಪದ್ಧತಿ. ಮರುದಿನದಿಂದಲೇ ಮೇಯಿಸಬಹುದು, ನಮ್ಮ ತೋಟದಲ್ಲಿ ಹಾಗೆಯೇ ಮಾಡುತ್ತಿದ್ದೇವೆ.

ನನಗೆ ದನದ ವಿಷಯ ಏನೂ ಗೊತ್ತಿರಲಿಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದಿಕೊಂಡಿದ್ದವನು ನಾನು. ಪತ್ರದಲ್ಲಿ ಒಂದು ತಪ್ಪೂ ಇರಲಿಲ್ಲ, ಅಂದರೆ ನನಗೆ ಕಾಣುವ ತಪ್ಪು. ಪ್ರಕಟಿಸು.

ಎರಡು ದಿನಕ್ಕೆ ಹುಕ್ಕೇರಿ ಕೇಂದ್ರದಿಂದ ಒಂದು ಮಾತು ಬಂತು. ಬರೆಸಿದವರು ಯಮಕನಮರಡಿಯ ಒಬ್ಬ ಮುದುಕರು. ಸರ್ಕಾರಿ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ರಿಟೈರ್ ಆದವರು. ಹುಕ್ಕೇರಿಯ ಆಪರೇಟರ್ ಹುಡುಗಿ ಅವರು ಹೇಳಿದ್ದನ್ನು ಹೇಳಿದ ಹಾಗೇ ಟೈಪ್ ಮಾಡಿದ್ದಳು:

"ಇದನ್ನ ಬರದಾಂವ ಯಾವ ಮೂರ್ಖ? ಯೂರಿಯಾ ಹಾಕಿದ ರವದಿ ಮರುದಿನಾನ ತಿನಿಸಿದ್ರ ದನಾ ಸಾಯ್ತಾವ. ಇಪ್ಪತ್ತೊಂದು ದಿನಾ ಗಾಳಿ ಆಡದಂಗ ಮುಚ್ಚಿ ಇಡಬೇಕು. ಹಿಂಗ ಸತ್ತ ದನಾ ಡಾಕ್ಟರ ಕೊಯ್ದು ತಪಾಸ ಮಾಡೂ ಮುಂದ ನಾನ ನಿಂತು ನೋಡೇನಿ. ಈ ಕಾಗದಾ ಮೊದ್ಲ ಹರದ ಒಗೀರಿ."

ನಾನು ಅದನ್ನು ಓದಲಿಲ್ಲ ಅಂತಲ್ಲ. ಓದಿದೆ. ಆದರೆ ನಾನು ಓದಿದ್ದು "ಮೂರ್ಖ" ಎಂಬ ಒಂದೇ ಶಬ್ದವನ್ನು. ಅದನ್ನು ದಾಟಿ ಮುಂದಿನ ಸಾಲಿಗೆ ಹೋಗಲು ನನ್ನ ಸಭ್ಯತೆ ಬಿಡಲಿಲ್ಲ. ಸಾಹೇಬರನ್ನು ಮೂರ್ಖ ಅನ್ನುವುದೇ? ಹಿಂತಿರುಗಿಸು. ಕಾರಣ: ಯಾರನ್ನೂ ಹೀಯಾಳಿಸಬಾರದೆಂಬ ಒಂದನೆಯ ನಿಯಮ, ಮತ್ತು ಮೂರನೆಯ ನಿಯಮ.

ಮುದುಕರು ಮತ್ತೆ ಯಮಕನಮರಡಿಯಿಂದ ಬಸ್ಸು ಹತ್ತಿ ಹುಕ್ಕೇರಿಗೆ ಬಂದರು. ಎರಡನೆಯ ಸಲ ಮೂರ್ಖ ಹೋಗಿತ್ತು. "ಇದನ್ನ ಬರದವರಿಗೆ ದನದ ಬಗ್ಗೆ ಏನೇನೂ ಗೊತ್ತಿಲ್ಲ, ಇವರ ಮಾತ ಕೇಳಿದ್ರ ಎಮ್ಮಿ ಸಾಯ್ತೈತಿ" ಎಂದು ಇತ್ತು. ಮೆಚ್ಚುಗೆ ಎಲ್ಲಿ? ಸಂದೇಹ ರೂಪ ಎಲ್ಲಿ? ಅದನ್ನೂ ಹಿಂತಿರುಗಿಸಿದೆ. ಅವರು ಕೇಂದ್ರದಲ್ಲೇ ಕೂತಿದ್ದರು. ಹುಡುಗಿಯ ಕೈಯಿಂದ ಫೋನ್ ಕಸಿದುಕೊಂಡು ನನ್ನ ಜೊತೆ ಮಾತಾಡಿದರು.

"ಏನ್ರಿ ಸರ, ಏನ್ ತಪ್ಪಾತು ಈಗ?"

"ತಪ್ಪಂತಲ್ಲರಿ. ಹೇಳೂ ರೀತಿ ಸ್ವಲ್ಪ ಸೌಮ್ಯ ಇರ್ಲಿ ಅಂತ."

"ಮನಿಗಿ ಬೆಂಕಿ ಹತ್ತಿದ್ರ ನೀವು 'ಬೆಂಕಿ ಹತ್ತೇತೇನೋ ಅಂತ ನನಗೊಂದು ಸಣ್ಣ ಸಂದೇಹ ಬಂದೈತ್ರಿ' ಅಂತ ಒದರ್ತೀರೇನ್ರಿ?"

"ಎಲ್ಲಾರಿಗೂ ಒಂದ ನಿಯಮ ರೀ. ನಿಮಗೊಂದು, ಸಾಹೇಬ್ರಿಗೊಂದು ಮಾಡಾಕ ಬರೂದಿಲ್ಲ."

ಅವರು, "ಹಂಗಾರ ನಿಮಗ ಹೆಂಗ ಬೇಕೋ ಹಂಗ ಬರಕೋರಿ. ಮಾತ ಒಂದ ಮುಟ್ಟಲಿ" ಅಂದರು. ಫೋನ್ ಇಟ್ಟ ಮೇಲೆ ನಾನು ಪಕ್ಕದ ಅಂಗಡಿಯವನಿಗೆ ಈ ಕಥೆ ಹೇಳಿ ನಕ್ಕದ್ದು ನೆನಪಿದೆ. ಆ ನಗು ನೆನಪಾದಾಗಲೆಲ್ಲ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಮೂರನೆಯ ಸಲದ್ದನ್ನು ಹುಡುಗಿಯೇ ಬರೆದಳು. ನಾನು ಫೋನಿನಲ್ಲಿ ನಿಯಮ ಬಿಡಿಸಿ ಹೇಳುತ್ತ ಹೋದೆ, ಆಕೆ ಟೈಪ್ ಮಾಡುತ್ತ ಹೋದಳು. ತಯಾರಾದದ್ದು ಇದು:

"ಮಾನ್ಯರ ಅಮೂಲ್ಯ ಮಾಹಿತಿ ಓದಿ ಬಹಳ ಸಂತೋಷವಾಯಿತು. ಇಂಥ ಲೇಖನಗಳು ರೈತರಿಗೆ ದಾರಿದೀಪ. ಸಣ್ಣದೊಂದು ಸಂದೇಹ: ರವದಿಯನ್ನು ಮರುದಿನವೇ ಮೇಯಿಸುವ ಬದಲು ಇಪ್ಪತ್ತೊಂದು ದಿನ ಮುಚ್ಚಿಟ್ಟು ಮೇಯಿಸಿದರೆ ಇನ್ನೂ ಒಳ್ಳೆಯದಾಗಬಹುದೇನೋ ಎಂದು ನನ್ನ ನಮ್ರ ಅಭಿಪ್ರಾಯ. ತಪ್ಪಿದ್ದರೆ ಕ್ಷಮೆಯಿರಲಿ."

ಸಾಯುತ್ತದೆ ಎಂಬ ಶಬ್ದ ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ. ಬದಲಿಗೆ ಪ್ರಕಟಿಸಿ, ಅದರ ಮೇಲೆ "ಮಾದರಿ ಉತ್ತರ" ಎಂದು ನಕ್ಷತ್ರ ಹಚ್ಚಿದೆ. ಸಾಹೇಬರು ಅದೇ ದಿನ, "ತಮ್ಮ ಸಲಹೆಗೆ ಋಣಿ, ಎರಡೂ ವಿಧಾನಗಳಿಗೆ ಅವುಗಳದೇ ಆದ ಸ್ಥಾನವಿದೆ" ಎಂದು ಮರಳಿ ಬರೆದರು. ಭಿನ್ನಾಭಿಪ್ರಾಯ ಎಂದರೆ ಹೀಗಿರಬೇಕು ಎಂದುಕೊಂಡೆ. ಎರಡನ್ನೂ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಮೂರು ಗೋಡೆಗೂ ಹಚ್ಚಿಸಿದೆ. ಮೂಡಲಗಿಯ ಆಪರೇಟರ್ ಒಂದು ಪ್ರತಿಯನ್ನು ತುಕ್ಕಾನಟ್ಟಿಯ ಹೆಣ್ಣುಮಗಳ ಕೈಗೆ ಕೊಟ್ಟು, ಎರಡು ಸಲ ಓದಿ ಹೇಳಿದ.

ಐದಾರು ದಿನ ಕಳೆದಿರಬೇಕು. ಮೂಡಲಗಿಯಿಂದ ಫೋನ್ ಬಂತು.

"ಸರ, ಎಮ್ಮಿ ಸತ್ತೈತ್ರಿ."

"ಯಾರ ಎಮ್ಮಿ?"

"ತುಕ್ಕಾನಟ್ಟ್ಯಾಕೀದ್ರಿ. ಮುಂಜಾನಿ ರವದಿ ತಿಂದೈತಿ. ಅರ್ಧಾ ತಾಸಿನ್ಯಾಗ ನಡಗಾಕ ಹತ್ತೇತಂತ, ಹೊಟ್ಟಿ ಉಬ್ಬೇತಂತ, ಬಾಯಾಗ ಬುರುಗು. ಡಾಕ್ಟರ ಬರೂದ್ರಾಗ ಮುಗದಿತ್ತಂತ್ರಿ."

ನಾನು ಮಾಡಿದ ಮೊದಲ ಕೆಲಸ ಸಾಹೇಬರಿಗೆ ಫೋನ್. ನಿಮ್ಮ ತೋಟದಲ್ಲಿ ಮರುದಿನವೇ ಮೇಯಿಸುವುದು ನಿಜವೇ ಎಂದು ಕೇಳಿದೆ. "ಅದೇನ್ರಿ, ನಮ್ಮ ಆಳಮನಷ್ಯಾ ನೋಡ್ತಾನ್ರಿ ಅದನ್ನೆಲ್ಲಾ. ನಾ ಬರದೇನಿ ಅಷ್ಟ" ಅಂದರು, ಅದೇ ಇಂಪಾದ ದನಿಯಲ್ಲಿ. ಆಳನ್ನು ಕರೆಸಿ ಕೇಳಿಸಿದೆ. ಆತ ತಿಂಗಳುಗಟ್ಟಲೆ ಮುಚ್ಚಿಡುತ್ತಿದ್ದನಂತೆ. ದಿನಾ ಮುಂಜಾನೆ ಒಂದು ಮೂಲೆಯಿಂದ ತೆಗೆದು ಹಾಕುವುದನ್ನು ಸಾಹೇಬರು ದೂರದಿಂದ ನೋಡಿ, ನಿನ್ನೆಯದನ್ನು ಇವತ್ತು ಹಾಕುತ್ತಾನೆ ಎಂದುಕೊಂಡಿದ್ದರು.

ಸಂಜೆಯ ಹೊತ್ತಿಗೆ ಫಲಕದಲ್ಲಿ ಸಂತಾಪದ ಸಾಲು ಶುರುವಾಯಿತು. ಸುದ್ದಿ ಕೇಳಿ ಮನಸ್ಸಿಗೆ ನೋವಾಯಿತು. ಮೂಕ ಪ್ರಾಣಿಯ ಆತ್ಮಕ್ಕೆ ಶಾಂತಿ ಸಿಗಲಿ. ಸಾಹೇಬರು ಉದ್ದನೆಯ ಪತ್ರ ಬರೆದರು: "ಸಹೋದರಿಯವರ ದುಃಖದಲ್ಲಿ ನಾನೂ ಭಾಗಿ. ಅಳತೆಯಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿರಬಹುದೇ, ಪ್ರಾಣಿಗೆ ಮೊದಲೇ ಬೇರೆ ಕಾಯಿಲೆ ಇದ್ದಿರಬಹುದೇ ಎಂಬ ಸಣ್ಣ ಸಂದೇಹ." ಅದರ ಕೆಳಗೆ ಇನ್ನೊಬ್ಬರು, "ಎಷ್ಟು ಸಮತೂಕದ ಮಾತು!" ಎಂದರು. ಮತ್ತೊಬ್ಬರು ಇಂಥ ಕಷ್ಟದ ಹೊತ್ತಿನಲ್ಲೂ ಫಲಕದ ಘನತೆ ಕಾಪಾಡಿದ್ದಕ್ಕೆ ಎಲ್ಲರಿಗೂ ಧನ್ಯವಾದ ಹೇಳಿದರು. ಒಬ್ಬರಾದರೂ ತಪ್ಪಾಯಿತು ಅನ್ನಲಿಲ್ಲ. ಒಬ್ಬರಾದರೂ ಸುಳ್ಳು ಅನ್ನಲಿಲ್ಲ. ಎಲ್ಲವೂ ನನ್ನ ನಿಯಮದ ಪ್ರಕಾರ ಇತ್ತು, ಹಿಂತಿರುಗಿಸಲು ಒಂದು ಕಾರಣವೂ ಸಿಗಲಿಲ್ಲ. ಸತ್ತ ಎಮ್ಮೆಯ ಮೇಲೆ ಅತ್ತರು ಚಿಮುಕಿಸಿದ ಹಾಗಿತ್ತು. ನನಗೆ ಹೇಸಿಗೆಯಾಯಿತು. ಅವರ ಮೇಲೆ ಎಷ್ಟೋ, ಅದಕ್ಕಿಂತ ಹೆಚ್ಚು ನನ್ನ ಮೇಲೆ.

ಆಗ ಹೊಳೆಯಿತು: ಆ ಹಾಳೆ ಇನ್ನೂ ಮೂರು ಗೋಡೆಗಳ ಮೇಲಿದೆ. ಎಷ್ಟು ಜನ ಓದಿದ್ದಾರೋ, ಎಷ್ಟು ಜನ ರವದಿ ಕಲಸಿದ್ದಾರೋ ಗೊತ್ತಿಲ್ಲ. ಮರುದಿನ ಹುಕ್ಕೇರಿಯ ಸಂತೆ ಬೇರೆ. ಸಂಯೋಜಕರಿಗೆ ಫೋನ್ ಮಾಡಿದೆ.

"ಒಂದು ಸ್ಪಷ್ಟೀಕರಣ ಹಾಕ್ರಿ" ಅಂದರು. "ಯಾರ ತಪ್ಪು ಅಂತ ಬರೀಬ್ಯಾಡ್ರಿ. ಸಾಹೇಬ್ರು ನಮಗ ಭಾಳ ಸಹಾಯ ಮಾಡ್ಯಾರ. ಮೇಯಿಸುವ ಅವಧಿಯ ಬಗ್ಗೆ ಭಿನ್ನ ಅಭಿಪ್ರಾಯಗಳಿವೆ, ತಜ್ಞರನ್ನು ಸಂಪರ್ಕಿಸುವುದು ಸೂಕ್ತ, ಅಂತ ಇಷ್ಟ ಇರ್ಲಿ."

ಟೈಪ್ ಮಾಡಿದೆ. ಚೆನ್ನಾಗಿಯೇ ಬಂತು, ಅದರಲ್ಲಿ ನಾನು ಪಳಗಿದ ಕೈ. ಪ್ರಕಟಿಸು ಒತ್ತಲು ಹೋದವನಿಗೆ ಆ ಹೆಣ್ಣುಮಗಳು ಇದನ್ನು ಕೇಳಿಸಿಕೊಂಡಿದ್ದರೆ ಏನು ಮಾಡುತ್ತಿದ್ದಳು ಅನ್ನುವ ಯೋಚನೆ ಬಂತು. ಈಗ ಮಾಡಿದ್ದನ್ನೇ ಮಾಡುತ್ತಿದ್ದಳು. ಬರೆದದ್ದನ್ನು ಅಳಿಸಿದೆ. ಹಿಂತಿರುಗಿಸಿದ ಮಾತುಗಳೆಲ್ಲ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಹಾಗೇ ಬಿದ್ದಿರುತ್ತಿದ್ದವು. ಮುದುಕರ ಮೊದಲನೆಯ ಮಾತನ್ನು ಹುಡುಕಿ ತೆಗೆದೆ. ಒಂದಕ್ಷರ ಮುಟ್ಟದೆ ಪ್ರಕಟಿಸಿದೆ, ಮೂರ್ಖ ಸಮೇತ. ಆಮೇಲೆ ಒಂದು ಹಾಳೆಗೆ ಎರಡೇ ಸಾಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು, ನಮ್ಮ ಗೋಡೆಯ ಹಳೆಯ ಹಾಳೆ ಕಿತ್ತು ಅದನ್ನು ಹಚ್ಚಿದೆ. ಮೂಡಲಗಿಗೆ ಫೋನ್ ಮಾಡಿ, ಹಳೆಯ ಹಾಳೆ ಹರಿದು ಹಾಕಿ ಇದನ್ನು ಮಸಿಯಲ್ಲಿ ದಪ್ಪಗೆ ಬರೆದು ಹಚ್ಚು ಅಂದೆ. ಮರುದಿನ ಮೊದಲ ಬಸ್ಸಿಗೆ ಹಾಳೆಗಳ ಸುರುಳಿ ಹಿಡಿದು ಹುಕ್ಕೇರಿಗೆ ಹೊರಟೆ.

ಆಪರೇಟರ್ ಹುಡುಗಿ ಹಾಳೆ ಬಿಚ್ಚಿ ನೋಡಿ ಗಾಬರಿಯಾದಳು. "ಸರ, ಒಂದನೇ ನಿಯಮ..."

"ಹಚ್ಚವಾ ನೀ."

ಆಕೆ ಅಂಟು ಹಚ್ಚುತ್ತ, ನನ್ನ ಕಡೆ ನೋಡದೆ ಹೇಳಿದಳು, "ಅಜ್ಜಾರು ಆವತ್ತು ಸಾಯ್ತೈತಿ ಅನ್ನೂದೊಂದಾರ ಇರ್ಲಿ ಅಂದಿದ್ರು ಸರ. ನೀವು ಅದು ಹೆದರಿಸಿದಂಗ ಆಗ್ತೈತಿ ಅಂದ್ರಿ."

ನನಗೆ ಅದು ಮರೆತೇಹೋಗಿತ್ತು.

ಸಂತೆ ಕೂಡಿದಂತೆ ಗೋಡೆಯ ಮುಂದೆ ಜನ ನಿಂತರು. ಎರಡು ವರ್ಷದಲ್ಲಿ ನಮ್ಮ ಗೋಡೆಯ ಮುಂದೆ ಅಷ್ಟು ಜನ ಎಂದೂ ನಿಂತಿರಲಿಲ್ಲ. "ಯಾರಲೇ ಮೂರ್ಖ?" ಎಂದು ಕೂಗಿ ಕೂಗಿ ಓದುತ್ತ ನಗುತ್ತಿದ್ದರು. ಅವರ ನಡುವೆ ಟವೆಲ್ ಹೆಗಲಿಗೆ ಹಾಕಿಕೊಂಡ ಒಬ್ಬ ರೈತ ನಗುತ್ತಿರಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಸರ, ಇದು ಖರೇನ್ರಿ?"

"ಖರೆ."

"ನಾ ನಿನ್ನಿ ಸಂಜಿಮುಂದ ಕಲಸಿಟ್ಟೇನ್ರಿ. ಇವತ್ತು ಮಧ್ಯಾಹ್ನ ಹಾಕು ಅಂತ ಮನ್ಯಾಗ ಹೇಳಿ ಬಂದೇನಿ."

ಉತ್ತರಕ್ಕೆ ಆತ ಕಾಯಲಿಲ್ಲ. ಕೊಂಡ ಚೀಲವನ್ನು ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ಓಡಿದ. ಸಂಜೆ ಚೀಲ ಒಯ್ಯಲು ಬಂದಾಗ, ದನಗಳೆಲ್ಲ ಆರಾಮ ಅಂದ.

ಮಧ್ಯಾಹ್ನ ಕಂಪೌಂಡರ್ ಬಂದರು. ನಾನು ಅವರ ಮುಖ ನೋಡಿದ್ದು ಅದೇ ಮೊದಲು. ಸಣ್ಣ ದೇಹ, ಕೈಯಲ್ಲಿ ಕೊಡೆ. ತಮ್ಮದೇ ಮಾತನ್ನು ಗೋಡೆಯ ಮೇಲೆ ನೋಡಿ ಖುಷಿಪಡುತ್ತಾರೆ ಅಂದುಕೊಂಡಿದ್ದೆ.

"ತುಕ್ಕಾನಟ್ಟಿಗಿ ಹೋಗಿದ್ರೇನು?"

"ಇಲ್ಲರಿ. ಒಂದು ಪತ್ರ ಬರೀಬೇಕಂತ ಮಾಡೇನಿ."

"ಪತ್ರ!" ಅಂದು ಪಕ್ಕಕ್ಕೆ ಉಗಿದರು. "ಇನ್ನೂ ಬರಿಯೂದ ಉಳದೈತೇನ್ರಿ ನಿಮ್ಮದು? ನಾಳಿ ಮುಂಜಾನಿ ಗೋಕಾಕಕ್ಕ ಬರ್ತೇನಿ. ಕೂಡೇ ಹೋಗೂಣು."

ಬಂದರು. ತುಕ್ಕಾನಟ್ಟಿಯಲ್ಲಿ ಮನೆ ಕೇಳಿದಾಗ ಕಟ್ಟೆಯ ಮೇಲೆ ಕೂತವನೊಬ್ಬ, "ಕಾಗದಾ ಓದಿ ಎಮ್ಮಿ ಕೊಂದಾಕಿ ಮನೀನ?" ಎಂದು ನಕ್ಕು ದಾರಿ ತೋರಿಸಿದ. ಆಗಲೇ ಅರ್ಥವಾಯಿತು, ಎಮ್ಮೆ ಸತ್ತದ್ದು ಆಕೆಗಾದ ಹಾನಿಯಲ್ಲಿ ಅರ್ಧ ಮಾತ್ರ.

ಮನೆಯಲ್ಲಿ ಆಕೆ ಮತ್ತು ಅತ್ತೆ ಇದ್ದರು. ಅಂಗಳದಲ್ಲಿ ಖಾಲಿ ಗೂಟ. ಯಾರು ಎಂದು ಹೇಳಿದ ಕೂಡಲೇ ಆಕೆ ಕಂಬಳಿ ಹಾಸಿ, "ಬರ್ರಿ ಸರ, ಕುಂಡ್ರಿ" ಅಂದಳು. ಒಳಗೆ ಹೋಗಿ ಎರಡು ಲೋಟ ಚಹಾ ತಂದಿಟ್ಟಳು.

"ಹಾಲಿಲ್ಲರಿ, ಕರೀ ಚಾ ಐತಿ. ಏನೂ ತಿಳಕೋಬ್ಯಾಡ್ರಿ."

ಒಂದು ಗುಟುಕು ಕುಡಿದು ಲೋಟ ಕೈಯಲ್ಲೇ ಹಿಡಿದುಕೊಂಡೆ.

ಆಕೆಯೇ ಮುಂದುವರಿಸಿದಳು. "ನಿಮ್ಮನ್ನ ಇಲ್ಲೀತನಾ ಬರೂವಂಗ ಮಾಡಿದ್ನಿ. ತಪ್ಪ ನಂದ ಐತ್ರಿ. ಒಂದ ಬುಟ್ಟಿ ಜಾಸ್ತಿ ಹಾಕಿರಬೇಕು. ಎರಡನೇ ಉತ್ತರದಾಗ ಮುಚ್ಚಿಟ್ರ ಇನ್ನೂ ಚಲೋ ಅಂತಿತ್ತಲ್ರಿ, ಅಂದ್ರ ಮೊದಲಿಂದೂ ಚಲೋನ ಇರಬೇಕಂತ ನಾ ತಿಳಕೊಂಡ್ನಿ. ಎಮ್ಮಿ ಹಸದಿತ್ರಿ."

ಬಾಗಿಲಲ್ಲಿ ಕೂತ ಅತ್ತೆ ಗೋಡೆಯ ಕಡೆ ಮುಖ ಮಾಡಿ, "ಓದಿದವರ ಮಾತ ಕೇಳಾಕ ಹೋದ್ಲು" ಅಂದಳು. ಅದನ್ನು ದಿನಾ ಹೇಳುತ್ತಿದ್ದಳೆಂದು ಹೇಳುವ ದನಿಯಲ್ಲೇ ಗೊತ್ತಾಗುತ್ತಿತ್ತು.

ನಾನು ಶುರುಮಾಡಿದೆ. "ಹಂಗಲ್ಲರಿ ತಂಗೀ, ಕೆಲವೊಂದು ಸಂದರ್ಭದಾಗ ಮಾಹಿತಿ ತಲಪೂ ಮುಂದ ಏನಾಗ್ತೈತಿ ಅಂದ್ರ..."

"ಸರ," ಎಂದರು ಕಂಪೌಂಡರ್, "ನೆಟ್ಟಗ."

ಚಹಾದ ಲೋಟ ಕೆಳಗಿಟ್ಟೆ.

"ನಿಮ್ದೇನೂ ತಪ್ಪಿಲ್ಲ. ಬುಟ್ಟಿ ಜಾಸ್ತಿ ಹಾಕೀರಂತ ಸತ್ತಿಲ್ಲ ಅದು. ಎಮ್ಮಿ ಸಾಯ್ತೈತಿ ಅಂತ ಇವರು ಮೊದಲ ಬರದಿದ್ರು. ಎರಡ ಸಲ ಬರದಿದ್ರು. ಸಾಹೇಬ್ರನ್ನ ಬೈದಾರ ಅಂತ ನಾ ಅದನ್ನ ನಿಮ್ಮತನಾ ಬಿಡಲಿಲ್ಲ. ಇನ್ನೂ ಚಲೋ ಅಂತ ಬರಸಿದಾಂವ ನಾನ. ನಿಮ್ಮ ಎಮ್ಮಿ ಸತ್ತದ್ದು ನನ್ನಿಂದ."

ಆಕೆ ಮೊದಲು ಮುದುಕರ ಮುಖ ನೋಡಿದಳು. ಅವರು ತಲೆಯಾಡಿಸಿದರು. ಆಮೇಲೆ ಬಾಗಿಲ ಕಡೆ ತಿರುಗಿ, "ಅತ್ತೀ, ಕೇಳಿದ್ರಿ?" ಅಂದಳು. ಅತ್ತೆ ಗೋಡೆ ಬಿಟ್ಟು ನನ್ನ ಕಡೆ ನೋಡುತ್ತಿದ್ದಳು.

ಹೆಣ್ಣುಮಗಳು ಬಗ್ಗಿ ನನ್ನ ಮುಂದಿನ ಲೋಟ ಎತ್ತಿಕೊಂಡಳು. ಅದರಲ್ಲಿ ಇನ್ನೂ ಮುಕ್ಕಾಲು ಚಹಾ ಇತ್ತು. ಅಂಗಳಕ್ಕೆ ಹೋಗಿ ಗೂಟದ ಹತ್ತಿರ ಚೆಲ್ಲಿ, ಲೋಟ ತೊಳೆಯಲು ಕೂತಳು. ಕಂಪೌಂಡರರ ಲೋಟವನ್ನು ಮುಟ್ಟಲಿಲ್ಲ, ಅವರು ನಿಧಾನವಾಗಿ ತಮ್ಮ ಚಹಾ ಮುಗಿಸಿದರು.

ನಾನು ಎದ್ದು ನಿಂತು ಆಕೆಗೆ ಕೈ ಮುಗಿದೆ. ಆಕೆ ನೋಡಿದಳು, ತಿರುಗಿ ಮುಗಿಯಲಿಲ್ಲ.